ಸ್ವರ ಬರೋದಿಲ್ಲ ಅನ್ನುವ ಮಕ್ಕಳ ಜೊತೆ: ಸರ್ಕಾರಿ ಶಾಲೆಯ ಸಂಗೀತ ಪಾಠ

ಅಂಕೋಲಾ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಂಗೀತ ಶಿಕ್ಷಕಿ. ಮಕ್ಕಳ ಬಾಯಲ್ಲಿ 'ಸಂಗೀತದ ಅಕ್ಕೋರು'. ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ವಾರಕ್ಕೆ ಒಂದೋ ಎರಡೋ ಪಿರಿಯಡ್ ಸಿಕ್ಕರೆ ಇಡೀ ತರಗತಿಗೆ ಏನು ಕಲಿಸೋದು ಅಂತ. ನಾನು ಹೇಳುವುದು ಇಷ್ಟೇ: ಎದುರಿಗೆ ಕೂತ ಪ್ರತಿ ಮಗುವೂ ಶ್ರುತಿಗೆ ಸೇರಿ ಹಾಡಬೇಕು. ಚೆನ್ನಾಗಿ ಹಾಡುವ ನಾಲ್ಕು ಮಕ್ಕಳನ್ನು ಆರಿಸಿ ಪ್ರತಿಭಾ ಕಾರಂಜಿಗೆ ತಯಾರು ಮಾಡುವುದು ಕಷ್ಟವಲ್ಲ. ಅವರು ನಾವಿಲ್ಲದಿದ್ದರೂ ಹಾಡುತ್ತಾರೆ. ನಮಗೆ ಸಂಬಳ ಬರುವುದು ಉಳಿದ ಮಕ್ಕಳಿಗಾಗಿ ಅಂತ ನಾನು ನಂಬಿದ್ದೇನೆ.

ಪ್ರತಿ ವರ್ಷ ಎಂಟನೇ ತರಗತಿಗೆ ಬರುವವರಲ್ಲಿ ಕೆಲವರು ಸುಮ್ನೆ ತುಟಿ ಆಡಿಸುತ್ತಿರುತ್ತಾರೆ. ಕೆಳಗಿನ ತರಗತಿಯಲ್ಲೇ ಯಾರೋ 'ನಿಂಗೆ ಸ್ವರ ಇಲ್ಲ' ಅಂದುಬಿಟ್ಟಿರುತ್ತಾರೆ. ಇಂಥ ಮಗುವಿಗೆ ಹಾರ್ಮೋನಿಯಂ ಒತ್ತಿ 'ಈ ಸ್ವರ ಹಿಡಿ' ಅಂದರೆ ಅದು ಇನ್ನೂ ಹೆದರುತ್ತದೆ. ಹಾಗಾಗಿ ನಾನೇ ಮಗುವಿನ ಸ್ವರ ಹುಡುಕಿಕೊಂಡು ಹೋಗುತ್ತೇನೆ. 'ಗದ್ದೆಯ ಆಚೆ ನಿನ್ನ ದೋಸ್ತ ನಿಂತಿದ್ದಾನೆ. ಓ ಅಂತ ಉದ್ದಕ್ಕೆ ಕರಿ' ಅನ್ನುತ್ತೇನೆ. ಕರೆಯುವಾಗ ಯಾರಿಗೂ ನಾಚಿಕೆ ಇರುವುದಿಲ್ಲ. ಆ ಕೂಗು ಯಾವ ಸ್ವರಕ್ಕೆ ನಿಂತಿತೋ ಅದನ್ನು ಹಾರ್ಮೋನಿಯಂನಲ್ಲಿ ಹುಡುಕಿ ಒತ್ತುತ್ತೇನೆ. 'ಇದು ನಿನ್ನ ಸ್ವರ. ಇನ್ನೊಮ್ಮೆ ಕರಿ' ಅಂದರೆ ಕೂಗೂ ಪೆಟ್ಟಿಗೆಯೂ ಒಂದಾಗುವುದು ಅವರ ಕಿವಿಗೇ ಗೊತ್ತಾಗುತ್ತದೆ. ಅಲ್ಲಿಂದ ಪಕ್ಕದ ಸ್ವರಕ್ಕೆ, ಮತ್ತೆ ಅದರ ಪಕ್ಕದ್ದಕ್ಕೆ. ಕೆಲವರಿಗೆ ಒಂದೇ ವಾರ ಸಾಕು. ಕೆಲವರಿಗೆ ದಸರಾ ರಜೆಯವರೆಗೂ ಬೇಕಾಗುತ್ತದೆ. ಬಾರದೇ ಉಳಿಯುವವರು ತೀರಾ ಅಪರೂಪ.

ಒಂಬತ್ತನೆಯ ಹುಡುಗರದ್ದು ಬೇರೆ ಕಥೆ. ಗಂಟಲು ಒಡೆಯುವ ವಯಸ್ಸು. ನಿನ್ನೆ ಮುಟ್ಟಿದ ಸ್ವರ ಇವತ್ತು ಸಿಗುವುದಿಲ್ಲ. ಮೀನುಗಾರರ ಮನೆಯ ಒಬ್ಬ ಹುಡುಗ ಎಂಟನೆಯಲ್ಲಿ ಚೆಂದ ಹಾಡುತ್ತಿದ್ದ. ಮರುವರ್ಷ ಹಿಂದಿನ ಬೆಂಚಿಗೆ ಹೋಗಿ ಬಾಯಿ ಮುಚ್ಚಿ ಕೂತ. ಅವನನ್ನೂ ಕರೆಸಿ ಕೂಗಿಸಿದೆ. ಸ್ವರ ಹಾರ್ಮೋನಿಯಂನ ಕೆಳಗಿನ ಸಪ್ತಕದ ಕಪ್ಪು ನಾಲ್ಕಕ್ಕೆ, ಅಂದರೆ ಅಲ್ಲಿನ ನಾಲ್ಕನೇ ಕಪ್ಪು ಕೀಗೆ, ಬಂದು ನಿಂತಿತು. ತರಗತಿ ಹಾಡುವುದು ಕಪ್ಪು ಒಂದನ್ನು ಸಾ ಮಾಡಿಕೊಂಡು. ಅಂದರೆ ಅವನಿಗೆ ಹಾಯಾಗಿ ಸಿಗುತ್ತಿದ್ದದ್ದು ಸರಿಯಾಗಿ ಮಂದ್ರದ ಪಂಚಮ, ಆ ಸಾ ಕೆಳಗಿನ ಪಾ! 'ಉಳಿದವರು ಸಾ ಹಿಡೀತಾರೆ, ನೀನು ಇದನ್ನೇ ಬಿಡದೆ ಹಿಡ್ಕೋ' ಅಂದೆ. ತಂಬೂರಿಯ ಮೊದಲ ತಂತಿಯ ಹಾಗೆ ಅವನ ಪಾ ಕೆಳಗೆ ತುಂಬಿಕೊಂಡಿತು. ಇಡೀ ತರಗತಿ ತಿರುಗಿ ನೋಡಿತು. ಆಮೇಲೆ ಗಂಟಲು ಒಡೆದ ಉಳಿದ ಹುಡುಗರೂ ಅವನ ಪಕ್ಕ ಬಂದು ಕೂತರು. ಆ ವಯಸ್ಸಿನಲ್ಲಿ ಗಟ್ಟಿಯಾಗಿ ಎಳೆದು ಹಾಡಿಸಬಾರದು. ಆದರೆ ಹಾಡಿನಿಂದ ಹೊರಗೆ ಇಡುವುದೂ ಬೇಡ.

ಬೆಳಗಿನ ಪ್ರಾರ್ಥನೆಗೂ ಇದೇ ಗಮನ ಬೇಕು. ಯಾರೋ ಒಬ್ಬಳು ಬಾಯಿಗೆ ಬಂದ ಎತ್ತರದಲ್ಲಿ ರಾಷ್ಟ್ರಗೀತೆ ಶುರು ಮಾಡುತ್ತಾಳೆ. ಕೊನೆಯಲ್ಲಿ 'ಜಯ ಹೇ' ಬರುವಾಗ ತಾರ ಷಡ್ಜ, ಅಂದರೆ ಮೇಲಿನ ಸಾ, ಮುಟ್ಟಬೇಕು. ಅಷ್ಟೊತ್ತಿಗೆ ಅರ್ಧ ಮಕ್ಕಳು ಕಿರುಚುತ್ತಾರೆ, ಅರ್ಧ ಮಕ್ಕಳು ಸುಮ್ಮನಾಗುತ್ತಾರೆ. ಮೊದಲು ಕಪ್ಪು ಒಂದು ಒತ್ತಿ, ಎಲ್ಲರೂ ಒಮ್ಮೆ ಸಾ ಅಂದು, ಆಮೇಲೆ ಶುರು ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಇದ್ದರೂ ಸಾಕು. ಶ್ರುತಿ ಸರಿಯಿದ್ದರೆ ರಾಷ್ಟ್ರಗೀತೆಗೆ ಗೊತ್ತು ಮಾಡಿದ 52 ಸೆಕೆಂಡಿನ ಲೆಕ್ಕ ತಾನಾಗಿ ಹತ್ತಿರ ಬರುತ್ತದೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ 2022ರಲ್ಲಿ ಸರ್ಕಾರ ಗೊತ್ತು ಮಾಡಿತು. ಆಲಾಪ ಇಲ್ಲ, ಸಾಲು ಮರುಕಳಿಸುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನೇ ಜಾಸ್ತಿ ಅಭ್ಯಾಸ ಮಾಡಿಸುತ್ತೇನೆ.

ಮಳೆಗಾಲದಲ್ಲಿ ಹಾಡು ಕಡಿಮೆ. ಹಂಚಿನ ಮಾಡಿನ ಮೇಲೆ ಕರಾವಳಿಯ ಮಳೆ ಹೊಡೆಯುವಾಗ ಪಕ್ಕದವರ ದನಿಯೇ ಕೇಳುವುದಿಲ್ಲ ಅಲ್ವಾ? ಅವು ತಾಳದ ದಿನಗಳು. ದಾದ್ರಾದ ಆರು ಮಾತ್ರೆ (ತಾಳದ ಎಣಿಕೆ), ಕೆಹರ್ವಾದ ಎಂಟು, ತೀನ್‌ತಾಲದ ಹದಿನಾರು. ಚಪ್ಪಾಳೆ ಎಲ್ಲಿ, ಖಾಲಿ (ಚಪ್ಪಾಳೆ ಇಲ್ಲದ ಜಾಗ) ಎಲ್ಲಿ ಅಂತ ಕೈಯಲ್ಲೇ ತೋರಿಸಿಕೊಂಡು ಹೋಗಬಹುದು. ಹಾರ್ಮೋನಿಯಂ ಮಾತ್ರ ಮಳೆಗಾಲದಲ್ಲಿ ಬೀರುವಿನಲ್ಲಿ ಇಟ್ಟು ಮರೆಯಬೇಡಿ. ಥಂಡಿಗೆ ಮರ ಉಬ್ಬಿ ಕೀ ಕಚ್ಚಿಕೊಳ್ಳುತ್ತದೆ, ರೀಡಿಗೆ ಕಿಲುಬು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ನುಡಿಸಿ, ಗೋಡೆಗೆ ತಾಗದ ಹಾಗೆ ಬೆಂಚಿನ ಮೇಲಿಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಇಲ್ಲಿ ಹಿಂದೂಸ್ತಾನಿ ಬೇರು ಬಿಟ್ಟದ್ದಕ್ಕೆ ಅದೂ ಒಂದು ಕಾರಣ. ನಾನು ಕಲಿತದ್ದೂ ಅದನ್ನೇ. ಮಕ್ಕಳಿಗೆ ಮೊದಲು ಕಲಿಸುವ ರಾಗ ಭೂಪ್, ಮ ಮತ್ತು ನಿ ಇಲ್ಲದ ಐದೇ ಸ್ವರ. ಆದರೆ ಈ ಮಕ್ಕಳ ಮನೆಯಲ್ಲಿ ಬೇರೆ ಸಂಗೀತ ಇದೆ. ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಸುಗ್ಗಿ ಪದ, ಗುಮಟೆ ಅನ್ನುವ ಚರ್ಮ ಕಟ್ಟಿದ ಮಣ್ಣಿನ ವಾದ್ಯ. ಕೇರಿಯಲ್ಲಿ ಕೊಂಕಣಿ ಹಾಡು. ಊರೆಲ್ಲ ಯಕ್ಷಗಾನ. ಅದನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಅನ್ನೋಕೆ ನನಗೆ ಮನಸ್ಸಿಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಇದೇ ತಾಲೂಕಿನವರು. ಶಾಲೆಗೆ ಹೋಗದ ಅಜ್ಜಿ ನೆನಪಿನಲ್ಲೇ ಅಷ್ಟು ಪದ ಇಟ್ಟುಕೊಂಡಿದ್ದರು ಅಂದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಸುಗ್ಗಿ ಕುಣಿತಕ್ಕೆ ಹೋಗುವ ಮಕ್ಕಳ ಹಾಜರಿ ಕಡಿಮೆಯಾಗುತ್ತದೆ. ನಾನು ಬೈಯುವುದಿಲ್ಲ. ಬರುವಾಗ ಮನೆಯ ಅಜ್ಜಿಯಿಂದ ಒಂದು ಪದ ತನ್ನಿ ಅನ್ನುತ್ತೇನೆ. ಆಮೇಲೆ ಎಲ್ಲರೂ ಸೇರಿ ಅದರ ಸ್ವರ ಹುಡುಕುತ್ತೇವೆ. ಎಷ್ಟೋ ಪದಗಳು ನಾಲ್ಕೈದು ಸ್ವರದೊಳಗೇ ಮುಗಿಯುತ್ತವೆ. ಸ್ವರ ಬರೆಯುವ ಭಾತಖಂಡೆ ಪದ್ಧತಿಯಲ್ಲಿ ಕೋಮಲ (ಸ್ವಲ್ಪ ಇಳಿಸಿದ) ಸ್ವರಕ್ಕೆ ಕೆಳಗೆ ಗೆರೆ, ಮಂದ್ರ (ಕೆಳಗಿನ ಸಪ್ತಕದ) ಸ್ವರಕ್ಕೆ ಕೆಳಗೆ ಚುಕ್ಕಿ ಇಟ್ಟು ಬೋರ್ಡಿನ ಮೇಲೆ ಬರೆಯುತ್ತೇವೆ. ಸ್ವರಲಿಪಿ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಬರೆದದ್ದು ತಪ್ಪಾದರೆ, ಪದ ತಂದ ಹುಡುಗಿಯೇ ಎದ್ದು 'ಅಲ್ಲ ಅಕ್ಕೋರೇ, ಅಲ್ಲಿ ಸ್ವಲ್ಪ ಕೆಳಗೆ ಬತ್ತದೆ' ಅಂತ ತಿದ್ದುತ್ತಾಳೆ. ಗುಮಟೆ ಹಿಡಿದು ಬಂದ ಹುಡುಗನೊಬ್ಬ ಅದಕ್ಕೆ ಮೊದಲು ಉಡದ ಚರ್ಮ ಹಾಕುತ್ತಿದ್ದರು, ಈಗ ಆಡಿನದ್ದು ಅಂತ ವಿವರಿಸಿದ. ಉಡ ಕೊಲ್ಲುವುದಕ್ಕೆ ಕಾನೂನಿನ ತಡೆ ಇದೆ ಅಂತ ವಿಜ್ಞಾನದ ಮಾಸ್ತರು ಸೇರಿಸಿದರು.

ಹತ್ತನೇ ತರಗತಿಗೆ ಜನವರಿ ಬಂತೆಂದರೆ ಸಂಗೀತದ ಪಿರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಬಹಳ ಕಡೆ ಹೀಗೇ. ಫಲಿತಾಂಶದ ಒತ್ತಡ ನನಗೂ ಅರ್ಥವಾಗುತ್ತದೆ, ಆ ಪಿರಿಯಡ್‌ಗಾಗಿ ಜಗಳ ಆಡುವುದಿಲ್ಲ. ಬದಲಿಗೆ ಸಂಜೆ ವಿಶೇಷ ತರಗತಿ ಶುರುವಾಗುವ ಮೊದಲು ಹತ್ತು ನಿಮಿಷ ಕೇಳಿ ಪಡೆದಿದ್ದೇನೆ. ಹೊಸ ಪಾಠ ಏನೂ ಇಲ್ಲ. ಸಾ ಹಿಡಿದು, ಗೊತ್ತಿರುವ ಒಂದು ಹಾಡು ಹಾಡಿ, ಪುಸ್ತಕ ತೆರೆಯುತ್ತಾರೆ. ಗಣಿತದ ಮಾಸ್ತರು ಈಗೀಗ ಐದು ನಿಮಿಷ ಮೊದಲೇ ಬಂದು ಹುಡುಗರ ಸಾಲಿನಲ್ಲಿ ಪಂಚಮ ಹಿಡಿಯುತ್ತಾರೆ.