ಬಯಲಿಗೊಂದು ಶಿಲ್ಪ: ಸ್ಪರ್ಧೆಗೆ ಸಿದ್ಧರಾಗುವುದು ಹೇಗೆ?

ಉದ್ಯಾನ, ಕೆರೆಯ ದಂಡೆ, ಗ್ರಂಥಾಲಯದ ಅಂಗಳ, ರಸ್ತೆಗಳು ಕೂಡುವ ವೃತ್ತ. ಇಂಥ ಜಾಗಗಳಲ್ಲಿ ನಿಲ್ಲಿಸಲು ಶಿಲ್ಪ ಬೇಕೆಂದು ಸಮುದಾಯದ ಸಂಘಗಳೂ ಸ್ಥಳೀಯ ಆಡಳಿತಗಳೂ ಸ್ಪರ್ಧೆ ನಡೆಸುತ್ತವೆ. ಹೆಸರಾಂತ ಶಿಲ್ಪಿಗಳ ಜೊತೆಗೆ ವಿದ್ಯಾರ್ಥಿಗಳು, ವೆಲ್ಡಿಂಗ್ ಬಲ್ಲವರು, ಬಡಗಿಗಳು, ಶಾಲಾ ತಂಡಗಳು ಕೂಡ ಕೈಹಾಕಬಹುದಾದ ಕೆಲಸವಿದು. ಕೈಚಳಕವಿದ್ದವರ ಅರ್ಜಿಗಳೂ ಹಿಂದೆ ಬೀಳುವುದಕ್ಕೆ ಮುಖ್ಯ ಕಾರಣ, ಮೇಜಿನ ಮೇಲೆ ಚೆನ್ನಾಗಿ ಕಂಡ ಕೃತಿಯನ್ನು ಹಿಗ್ಗಿಸಿ ಬಯಲಿನಲ್ಲಿ ಇಟ್ಟರೆ ಸಾಕು ಎಂಬ ನಂಬಿಕೆ. ಬಯಲಿನ ಶಿಲ್ಪ ಆ ಬಯಲನ್ನು ನೋಡಿದ ಮೇಲೆಯೇ ಹುಟ್ಟಬೇಕು. ಸಿದ್ಧತೆಯ ಪ್ರತಿ ಹಂತವನ್ನೂ ಆ ದೃಷ್ಟಿಯಿಂದಲೇ ನೋಡೋಣ.

ಮೊದಲು ನಿಯಮಾವಳಿ

ಪ್ರಕಟಣೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಬಹುಮಾನದ ಮೊತ್ತದ ಮೇಲೆ ಹೋಗುತ್ತದೆ. ಅದನ್ನು ಬದಿಗಿಟ್ಟು, ಪೆನ್ಸಿಲ್ ಹಿಡಿದು ನಿಯಮಾವಳಿಯನ್ನು ಪೂರ್ತಿ ಓದಿ. ಅವರು ಕೇಳುತ್ತಿರುವುದು ಈಗಾಗಲೇ ಮುಗಿದ ಶಿಲ್ಪವನ್ನೋ, ಮುಂದೆ ಮಾಡಲಿರುವ ಶಿಲ್ಪದ ಪ್ರಸ್ತಾವನೆಯನ್ನೋ? ಅದು ಕೆಲವು ತಿಂಗಳ ಪ್ರದರ್ಶನಕ್ಕೋ, ಶಾಶ್ವತವಾಗಿ ನಿಲ್ಲುವುದಕ್ಕೋ? ಈ ಎರಡು ಪ್ರಶ್ನೆಗಳ ಉತ್ತರದಿಂದಲೇ ಬಳಸುವ ಸಾಮಗ್ರಿ, ಖರ್ಚು, ಅಡಿಪಾಯ ಎಲ್ಲವೂ ನಿರ್ಧಾರವಾಗುತ್ತವೆ. ಎತ್ತರ ಮತ್ತು ತೂಕದ ಮಿತಿ, ವಿಷಯ, ಕೊನೆಯ ದಿನಾಂಕಗಳಿಗೆ ಅಡಿಗೆರೆ ಎಳೆಯಿರಿ.

ಆಮೇಲೆ, ಬರೆದಿರದ ವಿಷಯಗಳನ್ನು ಹುಡುಕಿ. ಪ್ರದರ್ಶನ ಮುಗಿದ ಮೇಲೆ ಶಿಲ್ಪ ಯಾರದು? ಯಾರಾದರೂ ಮುರಿದರೆ ದುರಸ್ತಿಯ ಹೊಣೆ ಯಾರದು? ಕ್ರೇನ್, ಅಡಿಪಾಯ, ವಿಮೆಯ ಹಣವನ್ನು ಕೊಡುವವರು ಯಾರು? ತೆಗೆದುಹಾಕುವಾಗ ಯಾರ ಖರ್ಚು? ಶಿಲ್ಪದ ಚಿತ್ರವನ್ನು ಸಂಘಟಕರು ಪ್ರಚಾರಕ್ಕೆ ಬಳಸುವುದು ಸಹಜ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ವಿನ್ಯಾಸದ ಕೃತಿಸ್ವಾಮ್ಯವನ್ನೆಲ್ಲ ಬಿಟ್ಟುಕೊಡಬೇಕು ಎಂಬ ಷರತ್ತಿದ್ದರೆ ಸಹಿ ಹಾಕುವ ಮೊದಲು ಗಟ್ಟಿಯಾಗಿ ಯೋಚಿಸಿ. ಗೆಲ್ಲದವರ ವಿನ್ಯಾಸವೂ ಸಂಘಟಕರ ಸ್ವತ್ತಾಗುವುದು ನ್ಯಾಯವಲ್ಲ. ಅನುಮಾನಗಳನ್ನು ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಜಾಗಕ್ಕೆ ಹೋಗಿ, ಮತ್ತೆ ಹೋಗಿ

1981ರಲ್ಲಿ ವಾಷಿಂಗ್ಟನ್‌ನ ವಿಯೆಟ್ನಾಂ ಯೋಧರ ಸ್ಮಾರಕಕ್ಕಾಗಿ ನಡೆದ ಮುಕ್ತ ಸ್ಪರ್ಧೆಗೆ 1,400ಕ್ಕೂ ಹೆಚ್ಚು ವಿನ್ಯಾಸಗಳು ಬಂದಿದ್ದವು. ತೀರ್ಪುಗಾರರ ಮುಂದೆ ಹೆಸರುಗಳಿರಲಿಲ್ಲ, ಸಂಖ್ಯೆಗಳು ಮಾತ್ರ ಇದ್ದವು. ಆಯ್ಕೆಯಾದದ್ದು ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿಯ ವಿನ್ಯಾಸ: ಮೆದುವಾದ ಪಾಸ್ಟೆಲ್ ಚಿತ್ರಗಳು, ಜೊತೆಗೊಂದು ಚಿಕ್ಕ ಬರಹ. ನೆಲವನ್ನು ಸೀಳಿದಂತೆ ಇಳಿದು ಹೋಗುವ ಕಪ್ಪು ಗೋಡೆಯ ಆ ಕಲ್ಪನೆ ಅವರಿಗೆ ಹೊಳೆದದ್ದು ಜಾಗವನ್ನು ನೋಡಲು ಹೋದಾಗ. ಹೊಸಬರಿಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ನನಗೆ ಗೊತ್ತಿಲ್ಲ.

ಬೆಳಿಗ್ಗೆ, ನಡುಹಗಲು, ಸಂಜೆ, ದೀಪ ಹಚ್ಚಿದ ಮೇಲೆ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ನಿಲ್ಲಿ. ಸಾಧ್ಯವಾದರೆ ಮಳೆ ಬರುವಾಗಲೂ ಹೋಗಿ: ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ಒಣ ನೆಲದಲ್ಲಿ ಕಾಣುವುದಿಲ್ಲ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಹಿಂದೆ ಕಾಣುವುದು ಆಕಾಶವೋ ಮರಗಳೋ ಜಾಹೀರಾತು ಫಲಕವೋ, ಮರದ ಬೇರುಗಳು ಎಲ್ಲಿವರೆಗೆ ಹರಡಿವೆ, ನೆಲದಡಿಯಲ್ಲಿ ಕೇಬಲ್ ಮತ್ತು ಪೈಪುಗಳಿವೆಯೇ, ಲಾರಿ ಒಳಗೆ ಬರುವಷ್ಟು ದಾರಿಯಿದೆಯೇ ಎಂಬುದನ್ನು ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ಹಿನ್ನೆಲೆ ಕಪ್ಪು ಹಸಿರಾಗಿದ್ದರೆ ತುಕ್ಕು ಬಣ್ಣದ ಸಣ್ಣ ಕೃತಿ ಅದರಲ್ಲಿ ಕರಗಿಹೋಗುತ್ತದೆ. ಬರಿಯ ಆಕಾಶವಿದ್ದರೆ ಮೈಮೇಲಿನ ಸೂಕ್ಷ್ಮ ಕೆತ್ತನೆ ಮರೆಯಾಗಿ ಹೊರರೇಖೆಯಷ್ಟೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಜನ ನಡೆಯುವ ದಾರಿಯನ್ನು ಗಮನಿಸಿ. ಹುಲ್ಲು ಸವೆದ ಕಡೆಯೇ ನಿಜವಾದ ದಾರಿ. 1981ರಲ್ಲಿ ನ್ಯೂಯಾರ್ಕ್‌ನ ಒಂದು ಕಚೇರಿ ಸಮುಚ್ಚಯದ ಅಂಗಳದಲ್ಲಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಎಂಬ ಸುಮಾರು 36 ಮೀಟರ್ ಉದ್ದದ ಉಕ್ಕಿನ ಗೋಡೆ ನಿಂತಿತು. ದಿನವೂ ಅದನ್ನು ಸುತ್ತಿ ಹೋಗಬೇಕಾದ ನೌಕರರ ಅಸಮಾಧಾನ ಬೆಳೆದು, ಸಾರ್ವಜನಿಕ ವಿಚಾರಣೆ, ನ್ಯಾಯಾಲಯಗಳನ್ನೆಲ್ಲ ದಾಟಿ, 1989ರಲ್ಲಿ ಅದನ್ನು ಕಿತ್ತುಹಾಕಲಾಯಿತು. ನಡೆಯುವವರ ದಿಕ್ಕನ್ನು ಆ ಗೋಡೆ ಬೇಕೆಂದೇ ತಡೆದಿತ್ತು. ಕಲೆಯಾಗಿ ಅದರ ಪರ ವಾದಿಸುವವರು ಇಂದಿಗೂ ಇದ್ದಾರೆ, ನಾನೂ ಆ ಕಡೆಯವನೇ. ಆದರೆ ಸಮುದಾಯವೇ ಕರೆದು ನಡೆಸುವ ಸ್ಪರ್ಧೆಯಲ್ಲಿ, ಅಲ್ಲಿ ದಿನವೂ ಓಡಾಡುವವರೊಡನೆ ಮಾತಾಡದೆ ದಾರಿಗೆ ಅಡ್ಡ ನಿಲ್ಲುವ ಕೃತಿಯನ್ನು ಸೂಚಿಸಬೇಡಿ. ಬೆಂಚಿನ ಮೇಲೆ ಕೂತ ಹಿರಿಯರನ್ನು, ಆಡಲು ಬರುವ ಮಕ್ಕಳನ್ನು, ಕಸ ಗುಡಿಸುವವರನ್ನು ಕೇಳಿ. ಆ ಜಾಗದ ಬಗ್ಗೆ ನಕ್ಷೆಯಲ್ಲಿಲ್ಲದ ಎಷ್ಟೋ ಸಂಗತಿಗಳು ಅವರಿಗೆ ಗೊತ್ತಿರುತ್ತವೆ.

ಮಾದರಿ ಮತ್ತು ಅಳತೆಯ ಲೆಕ್ಕ

ಈಗ ಜೇಡಿಮಣ್ಣು, ರಟ್ಟು, ತಂತಿ, ಯಾವುದು ಕೈಗೆ ಒಗ್ಗುತ್ತದೋ ಅದರಲ್ಲಿ ಸಣ್ಣ ಮಾದರಿ ಮಾಡಿ. ಹತ್ತನೇ ಒಂದರ ಅಳತೆ ಅನುಕೂಲ: 3 ಮೀಟರ್ ಎತ್ತರದ ಶಿಲ್ಪ 30 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ಅದೇ ಅಳತೆಯ ರಟ್ಟಿನ ಮನುಷ್ಯನೊಬ್ಬ ನಿಂತಿರಲಿ.

ಹಿಗ್ಗಿಸುವಾಗ ಎದುರಾಗುವ ಸತ್ಯವೊಂದಿದೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟಾದರೆ ಮೇಲ್ಮೈ ನೂರು ಪಟ್ಟು, ತೂಕ ಸಾವಿರ ಪಟ್ಟು ಆಗುತ್ತದೆ. 2 ಕಿಲೋ ತೂಗುವ ಗಟ್ಟಿ ಮಾದರಿ ಅದೇ ವಸ್ತುವಿನಲ್ಲಿ ಗಟ್ಟಿಯಾಗಿಯೇ ದೊಡ್ಡದಾದರೆ 2 ಟನ್! ಹಾಗಾಗಿ ಒಳಗೆ ಟೊಳ್ಳು ಇರಬೇಕೇ, ಲೋಹದ ಅಸ್ಥಿಪಂಜರ ಬೇಕೇ, ಬಿಡಿ ಭಾಗಗಳಾಗಿ ಒಯ್ದು ಅಲ್ಲೇ ಜೋಡಿಸಬೇಕೇ ಎಂಬುದನ್ನು ಮಾದರಿಯ ಹಂತದಲ್ಲೇ ತೀರ್ಮಾನಿಸಿ. ಇದು ಹೊಸ ಚಿಂತೆಯೇನಲ್ಲ. 1401ರಲ್ಲಿ ಇಟಲಿಯ ಫ್ಲಾರೆನ್ಸ್‌ನ ದೀಕ್ಷಾಮಂದಿರದ (ಕ್ರೈಸ್ತರ ದೀಕ್ಷಾಸ್ನಾನ ನಡೆಯುವ ಕಟ್ಟಡದ) ಕಂಚಿನ ಬಾಗಿಲುಗಳಿಗಾಗಿ ನಡೆದ ಸ್ಪರ್ಧೆಯಲ್ಲಿ ಬ್ರುನೆಲೆಸ್ಕಿ ಎಂಬ ಶಿಲ್ಪಿ ತನ್ನ ಮಾದರಿ ಫಲಕದ ಆಕೃತಿಗಳನ್ನು ಬಿಡಿಯಾಗಿ ಎರಕ ಹೊಯ್ದು ಜೋಡಿಸಿದ. ಗಿಬೆರ್ಟಿ ಬಹುಪಾಲನ್ನು ಒಂದೇ ಎರಕದಲ್ಲಿ ಮುಗಿಸಿದ. ಗಿಬೆರ್ಟಿಯ ಫಲಕ ಹಗುರವಾಗಿತ್ತು, ಅದಕ್ಕೆ ಕಂಚೂ ಕಡಿಮೆ ಸಾಕಾಗಿತ್ತು. ಗೆದ್ದವನೂ ಗಿಬೆರ್ಟಿಯೇ. ಎರಡೂ ಫಲಕಗಳು ಇಂದಿಗೂ ಆ ನಗರದ ಬಾರ್ಜೆಲೊ ಸಂಗ್ರಹಾಲಯದಲ್ಲಿವೆ.

ಗಾಳಿ, ನೀರು, ಕೈಗಳು

ಪ್ರಸ್ತಾವನೆಯ ನಿಜವಾದ ಪರೀಕ್ಷೆ ಇಲ್ಲಿದೆ, ಇದಕ್ಕೆ ಹೆಚ್ಚಿನ ಸಮಯ ಕೊಡಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 25 ಕಿಲೋ ಭಾರದಷ್ಟು ಒತ್ತಿದರೆ, 144 ಕಿಲೋಮೀಟರ್ ವೇಗದ ಬಿರುಗಾಳಿ ಸುಮಾರು 100 ಕಿಲೋ ಭಾರದಷ್ಟು ಒತ್ತುತ್ತದೆ. ನಿಮ್ಮ ಶಿಲ್ಪದಲ್ಲಿ 2 ಚದರ ಮೀಟರಿನ ಹಲಗೆಯಂಥ ಭಾಗವಿದೆ, ಅದರ ನಡುಬಿಂದು ನೆಲದಿಂದ 2 ಮೀಟರ್ ಮೇಲಿದೆ ಎನ್ನೋಣ. ಅಂಥ ಬಿರುಗಾಳಿಯಲ್ಲಿ 200 ಕಿಲೋ ಭಾರ 2 ಮೀಟರ್ ಎತ್ತರದಲ್ಲಿ ತಳ್ಳಿದಂತೆ. 1 ಮೀಟರ್ ಅಗಲದ ಪೀಠದ ಭಾರ ಅಂಚಿನಿಂದ ಅರ್ಧ ಮೀಟರ್ ದೂರದಲ್ಲಷ್ಟೇ ಎದುರು ಹಿಡಿಯುತ್ತದೆ, ಹಾಗಾಗಿ ಅದು ಉರುಳದೆ ನಿಲ್ಲಬೇಕಾದರೆ ಒಟ್ಟು ಭಾರ ಕನಿಷ್ಠ 800 ಕಿಲೋ ಇರಬೇಕು. ಒಂದೂವರೆ ಪಟ್ಟು ಭದ್ರತೆ ಸೇರಿಸಿದರೆ 1,200 ಕಿಲೋ, ಅಂದರೆ ಅರ್ಧ ಘನ ಮೀಟರ್ ಕಾಂಕ್ರೀಟ್. ಪೀಠವನ್ನು ಅಗಲ ಮಾಡಿದರೆ ಬೇಕಾದ ಭಾರ ಕಡಿಮೆಯಾಗುತ್ತದೆ. ಇದು ಅಂದಾಜು ಮಾತ್ರ. ಚಪ್ಪಟೆ ಹಲಗೆಗೆ ಗಾಳಿಯ ಹೊಡೆತ ಇನ್ನೂ ಹೆಚ್ಚು. ಆಳೆತ್ತರ ಮೀರಿದ ಯಾವುದೇ ಕೃತಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಲೇಬೇಕು. ಇಂಗ್ಲೆಂಡ್‌ನ ಗೇಟ್ಸ್‌ಹೆಡ್‌ನಲ್ಲಿ 1998ರಲ್ಲಿ ನಿಂತ ಆಂಟನಿ ಗೋರ್ಮ್ಲಿ ಅವರ ‘ಏಂಜೆಲ್ ಆಫ್ ದಿ ನಾರ್ತ್’ 20 ಮೀಟರ್ ಎತ್ತರವಿದೆ, ರೆಕ್ಕೆಗಳ ಹರವು 54 ಮೀಟರ್. ಗಂಟೆಗೆ 160 ಕಿಲೋಮೀಟರಿಗೂ ಮೀರಿದ ಗಾಳಿಯನ್ನು ತಡೆಯಲು ಅದರ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಸುಮಾರು 20 ಮೀಟರ್ ಇಳಿಸಲಾಗಿದೆ. ನೆಲದ ಮೇಲೆ ಎಷ್ಟು ಎತ್ತರವೋ ನೆಲದೊಳಗೂ ಅಷ್ಟೇ ಆಳ.

ನೀರು ನಿಧಾನವಾಗಿ ಕೆಡಿಸುತ್ತದೆ. ನೀರು ನಿಲ್ಲುವ ಒಂದೇ ಒಂದು ಬಟ್ಟಲೂ ಕೃತಿಯಲ್ಲಿರಬಾರದು. ಇಳಿಜಾರು ಕೊಡಿ, ಇಲ್ಲವೇ ತಳದಲ್ಲಿ ತೂತು ಕೊರೆಯಿರಿ. ಸಾಮಾನ್ಯ ಉಕ್ಕಿಗೆ ಸತುವಿನ ಲೇಪ ಮಾಡಿಸುವುದಾದರೆ ಟೊಳ್ಳು ಕೊಳವೆಗಳಿಗೆ ಮೊದಲೇ ತೂತುಗಳಿರಲಿ: ಸುಮಾರು 450 ಡಿಗ್ರಿ ಸೆಲ್ಸಿಯಸ್‌ನ ಸತುವಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಮತ್ತು ತೇವ ಹಿಗ್ಗಿ ಕೊಳವೆ ಸಿಡಿಯಬಹುದು. ಕಡಲ ಬದಿಯಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಲೆಗಟ್ಟುತ್ತದೆ. ಮಾಲಿಬ್ಡಿನಂ ಇರುವ 316 ದರ್ಜೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಎರಡು ಬಗೆಯ ಲೋಹಗಳು ತೇವದಲ್ಲಿ ತಾಗಿಕೊಂಡಿದ್ದರೆ ಒಂದು ಬೇಗ ಸವೆಯುತ್ತದೆ, ಆದ್ದರಿಂದ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಲಿ. ತಾನೇ ತುಕ್ಕಿನ ಹೊದಿಕೆ ಬೆಳೆಸಿಕೊಳ್ಳುವ ಕಾರ್ಟೆನ್ ಉಕ್ಕು ನೋಡಲು ಸೊಗಸು, ಆದರೆ ಮೊದಲ ಮಳೆಗಳಲ್ಲಿ ಕೆಳಗಿನ ಕಲ್ಲುಹಾಸಿಗೆ ಕಂದು ಕಲೆ ಹಿಡಿಸುತ್ತದೆ. ಮರವನ್ನು ನೆಲಕ್ಕೆ ತಾಗಿಸಬೇಡಿ. ಅಡ್ಡ ಕೊಯ್ದ ತುದಿಗಳು ಹೆಚ್ಚು ನೀರು ಹೀರುವುದರಿಂದ ಅವುಗಳನ್ನು ಮುಚ್ಚಿ. ಫೈಬರ್‌ಗ್ಲಾಸ್ ಬಿಸಿಲಿಗೆ ಮಂಕಾಗಿ ಪುಡಿಯುದುರುತ್ತದೆ. ಬಿಸಿಲಿಗೆ ಲೋಹ ಹಿಗ್ಗುವುದನ್ನೂ ಮರೆಯಬೇಡಿ: 3 ಮೀಟರ್ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಏರಿಕೆಗೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ.

ಇನ್ನು ಜನರ ಕೈಗಳು. ಹತ್ತಬಹುದಾದದ್ದನ್ನು ಮಕ್ಕಳು ಹತ್ತಿಯೇ ಹತ್ತುತ್ತಾರೆ, ‘ಮುಟ್ಟಬೇಡಿ’ ಎಂಬ ಫಲಕ ಅವರನ್ನು ತಡೆಯುವುದಿಲ್ಲ. ಹತ್ತುವುದು ಬೇಡವಾದರೆ ಕೆಳಭಾಗದಲ್ಲಿ ಕಾಲೂರಲು ಜಾಗ ಬಿಡಬೇಡಿ. ಚೂಪು ಮೊನೆಗಳು ಬೇಡ. ಸುಮಾರು 9ರಿಂದ 23 ಸೆಂಟಿಮೀಟರ್ ನಡುವಿನ ಕಿಂಡಿಗಳು ಅಪಾಯಕಾರಿ: ಕಾಲು ಮೊದಲಾಗಿ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಆಟದ ಮೈದಾನಗಳ ಸಲಕರಣೆಗಳಿಗೆ ಅನ್ವಯಿಸುವ ಈ ಎಚ್ಚರವನ್ನು ಶಿಲ್ಪಕ್ಕೂ ಅನ್ವಯಿಸಿ. ಕನ್ನಡಿಯಂತೆ ಹೊಳೆಯುವ ಒಳಬಾಗಿದ ಮೇಲ್ಮೈ ಬಿಸಿಲನ್ನು ಒಂದೆಡೆ ಕೂಡಿಸಿ ಸುಡಬಲ್ಲದು. ಪಕ್ಕದಲ್ಲಿ ರಸ್ತೆಯಿದ್ದರೆ ಹೊಳಪು ವಾಹನ ಚಾಲಕರ ಕಣ್ಣು ಕುಕ್ಕುತ್ತದೆ.

ಖರ್ಚಿನ ಪಟ್ಟಿ

ಸಾಮಗ್ರಿ ಮತ್ತು ಕೂಲಿ ಎಲ್ಲರಿಗೂ ನೆನಪಿರುತ್ತವೆ. ಸಾಗಣೆ, ಕ್ರೇನ್, ಎಂಜಿನಿಯರ್ ಶುಲ್ಕ, ಅಡಿಪಾಯ, ವಿಮೆ, ಹೆಸರಿನ ಫಲಕ, ಕೊನೆಗೆ ತೆಗೆದು ನೆಲ ಸರಿಪಡಿಸುವುದು, ಇವೆಲ್ಲ ಮರೆತುಹೋಗುತ್ತವೆ. ಒಟ್ಟು ಮೊತ್ತಕ್ಕೆ ಶೇಕಡ 10ರಿಂದ 15ರಷ್ಟನ್ನು ಅನಿರೀಕ್ಷಿತ ಖರ್ಚಿಗೆಂದು ಸೇರಿಸಿ. ನಿಮ್ಮ ದುಡಿಮೆಗೂ ಬೆಲೆ ಕಟ್ಟಿ. ಅದನ್ನು ಸೊನ್ನೆಯೆಂದು ತೋರಿಸಿದರೆ ಮುಂದೆ ಬರುವ ಕಲಾವಿದರಿಗೂ ಅದೇ ಅಳತೆಗೋಲಾಗುತ್ತದೆ.

ಅರ್ಜಿಯ ಚಿತ್ರಗಳು ಮತ್ತು ಬರಹ

ತೀರ್ಪುಗಾರರು ಮೊದಲು ನೋಡುವುದು ಚಿತ್ರವನ್ನು. ಮಾದರಿಯನ್ನು ಮೇಲಿನಿಂದ ಚಿತ್ರೀಕರಿಸಿದರೆ ಅದು ಆಟಿಕೆಯಂತೆ ಕಾಣುತ್ತದೆ. ಮನುಷ್ಯನ ಕಣ್ಣಿನ ಎತ್ತರ ಸುಮಾರು 1.6 ಮೀಟರ್, ಹತ್ತನೇ ಒಂದರ ಮಾದರಿಗೆ ಕ್ಯಾಮೆರಾ ಅದರ ನೆಲದಿಂದ 16 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಹಿನ್ನೆಲೆ ಸರಳವಾಗಿರಲಿ, ಬೆಳಕು ಒಂದು ಬದಿಯಿಂದ ಬೀಳಲಿ. ಮುಂಭಾಗ, ಬದಿ, ಹಿಂಭಾಗಗಳನ್ನೂ ತೋರಿಸಿ, ಏಕೆಂದರೆ ಬಯಲಿನ ಶಿಲ್ಪಕ್ಕೆ ಬೆನ್ನಿನ ಕಡೆಯಿಂದಲೂ ಜನ ಬರುತ್ತಾರೆ. ನೀವೇ ತೆಗೆದ ಜಾಗದ ಚಿತ್ರದಲ್ಲಿ ಶಿಲ್ಪವನ್ನು ಸರಿಯಾದ ಅಳತೆಗೆ ಕೂಡಿಸಿ ಒಂದು ಚಿತ್ರ ಮಾಡಿ. ನೆರಳೂ ಸರಿಯಾದ ದಿಕ್ಕಿಗೆ ಬೀಳಲಿ.

ಬರಹ ಚಿಕ್ಕದಿರಲಿ. ‘ಈ ಕೃತಿಯು ಮಾನವ ಮತ್ತು ಪ್ರಕೃತಿಯ ಅವಿನಾಭಾವ ಸಂಬಂಧವನ್ನು ಅನಾವರಣಗೊಳಿಸುತ್ತದೆ’ ಎಂಬ ವಾಕ್ಯವನ್ನು ಯಾವ ಶಿಲ್ಪಕ್ಕೆ ಬೇಕಾದರೂ ಅಂಟಿಸಬಹುದು. ‘ಬೆಳಿಗ್ಗೆ ಈ ಐದು ಕಂಬಗಳ ನೆರಳು ಕಾಲುದಾರಿಯನ್ನು ದಾಟುತ್ತದೆ, ನಡುಹಗಲಿಗೆ ಬುಡಕ್ಕೆ ಸರಿಯುತ್ತದೆ, ಎರಡು ಕಂಬಗಳ ನಡುವೆ ಗಾಲಿಕುರ್ಚಿ ಹಾದುಹೋಗುವಷ್ಟು ಜಾಗವಿದೆ’ ಎಂದು ಬರೆದರೆ ಓದಿದವರಿಗೆ ಶಿಲ್ಪ ಕಾಣುತ್ತದೆ. ಹೆಸರು ಮರೆಮಾಡಿದ ಸ್ಪರ್ಧೆಯಾದರೆ ಚಿತ್ರದ ಮೂಲೆಯ ಸಹಿಯನ್ನೂ ಫೈಲಿನ ಹೆಸರನ್ನೂ ನೋಡಿಕೊಳ್ಳಿ. ಅಷ್ಟು ಸಣ್ಣ ಕಾರಣಕ್ಕೂ ಅರ್ಜಿ ತಿರಸ್ಕೃತವಾಗಬಹುದು. ಕೊನೆಯ ದಿನದವರೆಗೆ ಕಾಯದೆ ಕಳುಹಿಸಿ.

ಆಯ್ಕೆಯಾದರೆ, ಆಗದಿದ್ದರೆ

ಆಯ್ಕೆಯಾದರೆ ಮೊದಲು ಲಿಖಿತ ಒಪ್ಪಂದ, ಆಮೇಲೆ ಕೆಲಸ. ಕಾಂಕ್ರೀಟ್ ತನ್ನ ನಿಗದಿತ ಬಲ ಪಡೆಯಲು ಸಾಮಾನ್ಯವಾಗಿ 28 ದಿನ ಬೇಕು. ಆದ್ದರಿಂದ ಅಡಿಪಾಯ ಶಿಲ್ಪ ಬರುವುದಕ್ಕೆ ಒಂದು ತಿಂಗಳ ಮೊದಲೇ ಮುಗಿದಿರಲಿ. ಬೋಲ್ಟುಗಳ ಸ್ಥಾನಕ್ಕೆ ಪ್ಲೈವುಡ್‌ನ ಅಚ್ಚೊಂದನ್ನು ಮಾಡಿ, ಶಿಲ್ಪದ ತಳದ ತೂತುಗಳನ್ನೂ ಅಡಿಪಾಯದ ಬೋಲ್ಟುಗಳನ್ನೂ ಅದೇ ಅಚ್ಚಿನಿಂದ ಗುರುತಿಸಿ. ಕ್ರೇನಿನ ಕೊಕ್ಕೆ ಎಲ್ಲಿ ಹಿಡಿಯಬೇಕು ಎಂಬುದು ತಯಾರಿಕೆಯ ಹಂತದಲ್ಲೇ ನಿಶ್ಚಯವಾಗಲಿ. ಎಲ್ಲವನ್ನೂ ಕಾರ್ಯಾಗಾರದಲ್ಲೊಮ್ಮೆ ಪೂರ್ತಿ ಜೋಡಿಸಿ ನೋಡಿದ ಮೇಲೆಯೇ ಲಾರಿಗೆ ಏರಿಸಿ. ಹಸ್ತಾಂತರಿಸುವಾಗ ಒಂದು ಪುಟದ ನಿರ್ವಹಣಾ ಸೂಚನೆ ಕೊಡಿ: ಯಾವುದರಿಂದ ತೊಳೆಯಬೇಕು, ಬಣ್ಣದ ಸಂಕೇತ ಸಂಖ್ಯೆ ಏನು, ಯಾವ ಬೋಲ್ಟನ್ನು ಯಾವಾಗ ಬಿಗಿ ಮಾಡಬೇಕು.

ಆಯ್ಕೆಯಾಗದಿದ್ದರೆ ತೀರ್ಪುಗಾರರ ಅಭಿಪ್ರಾಯವನ್ನು ವಿನಯದಿಂದ ಕೇಳಿ ಪಡೆಯಿರಿ. ಮಾದರಿ, ಲೆಕ್ಕ, ಚಿತ್ರಗಳನ್ನು ಜೋಪಾನವಾಗಿಡಿ. ಆದರೆ ಜಾಗದ ಹೆಸರನ್ನಷ್ಟೇ ಬದಲಿಸಿ ಅದೇ ಪ್ರಸ್ತಾವನೆಯನ್ನು ಮುಂದಿನ ಸ್ಪರ್ಧೆಗೆ ಕಳುಹಿಸಬೇಡಿ. ಆ ಕಲ್ಪನೆಯನ್ನೇ ಒಯ್ಯಬೇಕೆನಿಸಿದರೆ ಹೊಸ ಜಾಗದ ಬಿಸಿಲು, ಗಾಳಿ, ಕಾಲುದಾರಿಗಳನ್ನು ಮೊದಲಿನಿಂದ ಅಳೆಯಿರಿ, ಅಡಿಪಾಯದ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲಿ ಮತ್ತೆ ಮಾಡಿಸಿ.