ಕಾನೂನಿನ ಸಮಾಜಶಾಸ್ತ್ರ ಓದುವುದು ಹೇಗೆ? ಒಂದು ಹಕ್ಕು ಬಿಡುಗಡೆ ಪತ್ರದಿಂದ ಶುರು ಮಾಡಿ

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು. ಆ ವರ್ಷದ ಜುಲೈ 30ಕ್ಕೆ ಮುಂಚೆ ಮದುವೆಯಾದವರಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಷ್ಟಾದರೂ ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೆ ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲು ಅಕ್ಕತಂಗಿಯರು ಬರುತ್ತಲೇ ಇದ್ದಾರೆ.

ಆ ಪತ್ರ ಊರ್ಜಿತವೇ ಎಂದು ಕಾನೂನು ವಿದ್ಯಾರ್ಥಿ ಕೇಳುತ್ತಾನೆ. ಕಾನೂನಿನ ಸಮಾಜಶಾಸ್ತ್ರ ಓದುವವರು ಅಲ್ಲಿಗೆ ನಿಲ್ಲುವಂತಿಲ್ಲ. ಸಹಿ ಹಾಕುವ ತೀರ್ಮಾನ ಯಾರ ಮನೆಯಲ್ಲಿ, ಯಾರೆದುರು ಆಯಿತು? ತನಗೆ ಪಾಲಿದೆ ಎಂಬುದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ಬಿಟ್ಟಳೆಂದರೆ ತವರಿನ ದಾರಿ ಮುಚ್ಚಿಹೋದೀತೆಂಬ ಅಂಜಿಕೆಯೇ, ಮದುವೆಗೆ ಆದ ಸಾಲದ ಲೆಕ್ಕವೇ? ಇಂಥ ಪ್ರಶ್ನೆಗಳು ನಿಮ್ಮನ್ನು ಕಾಡುತ್ತವೆ ಎಂದಾದರೆ ಈ ವಿಷಯ ನಿಮ್ಮದು.

ಮೊದಲು ಯಾವ ಕೋರ್ಸು?

ಪಿಯುಸಿ ಮುಗಿಸಿದವರ ಮುಂದೆ ಎರಡು ದಾರಿಗಳಿವೆ. ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಒಂದು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಈ ಕೋರ್ಸಿನ ಜತೆ ಸಮಾಜಶಾಸ್ತ್ರವೂ ಇರುತ್ತದೆ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಲು ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಮೀಸಲಾತಿ ಇರುವುದು ನಮ್ಮ ಜಿಲ್ಲೆಗಳ ಎಷ್ಟೋ ಮಕ್ಕಳ ಕಿವಿಗೇ ಬಿದ್ದಿರುವುದಿಲ್ಲ.

ಎರಡನೆಯದು, ಸಮಾಜಶಾಸ್ತ್ರದಲ್ಲಿ ಬಿ.ಎ. ಮುಗಿಸಿ ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರುವುದು. ನನ್ನನ್ನು ಕೇಳಿದರೆ ಇದೇ ವಾಸಿ. ಜಾತಿ, ಕುಟುಂಬ, ಅಧಿಕಾರ ಇವುಗಳ ಬಗ್ಗೆ ಮೂರು ವರ್ಷ ಯೋಚಿಸಿ ಬಂದವರು ಕಲಂಗಳನ್ನು ಬೇರೆಯೇ ಕಣ್ಣಿನಿಂದ ಓದುತ್ತಾರೆ. ವಕೀಲರಾಗುವ ಇರಾದೆ ಇಲ್ಲದವರು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಪ್ರಬಂಧಕ್ಕೆ ಕಾನೂನಿನ ವಿಷಯ ಆರಿಸಿಕೊಳ್ಳಬಹುದು.

ಓದಿನ ಕ್ರಮ

ಎಲ್ಲರೂ ಸಮಾಜಶಾಸ್ತ್ರಕ್ಕೆ ತಳಹದಿ ಹಾಕಿದ ಡರ್ಖೈಮ್, ವೆಬರ್‌ರಿಂದ ಶುರು ಮಾಡಿಸುತ್ತಾರೆ. ಓದಲೇಬೇಕಾದವರು ಹೌದು, ಆದರೆ ಮೊದಲು ಆಯ್ಗನ್ ಎರ್ಲಿಖ್ ಅವರನ್ನು ಹಿಡಿಯಿರಿ. ಇಂದಿನ ಉಕ್ರೇನಿನಲ್ಲಿರುವ ಚೆರ್ನಿವ್ಟ್ಸಿ ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಕಾನೂನು ಮೇಷ್ಟರು. ಮಕ್ಕಳು ದುಡಿದದ್ದು ಮಕ್ಕಳಿಗೇ ಸೇರತಕ್ಕದ್ದು ಎಂದು ಆಸ್ಟ್ರಿಯಾದ ಸಂಹಿತೆ ಹೇಳುತ್ತಿತ್ತು. ಸುತ್ತಲಿನ ಹಳ್ಳಿಗಳ ರೈತಮಕ್ಕಳು ಮಾತ್ರ ದುಡಿದದ್ದನ್ನು ತುಟಿಪಿಟಕ್ಕೆನ್ನದೆ ಅಪ್ಪನ ಕೈಗೆ ಕೊಡುತ್ತಿದ್ದರು. ಜನ ನಿಜವಾಗಿ ಬದುಕುವ ಈ ಕಟ್ಟಳೆಯನ್ನೇ ಎರ್ಲಿಖ್ 1913ರಲ್ಲಿ ‘ಜೀವಂತ ಕಾನೂನು’ ಎಂದು ಕರೆದರು. ನಮ್ಮ ಹಕ್ಕು ಬಿಡುಗಡೆ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆಮೇಲೆ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ಉಳಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಅಲ್ಲಿನ ಜಗಳಗಳನ್ನು ಆಸ್ಥೆಯಿಂದ ದಾಖಲಿಸಿಕೊಂಡರು. ಜಗಳ ಎದ್ದಾಗ ಜನ ಹಳೆಯದನ್ನೆಲ್ಲ ಕೆದಕುತ್ತಾರೆ, ಹಿಂದಿನ ತೀರ್ಮಾನಗಳನ್ನು ಎತ್ತಿ ಆಡುತ್ತಾರೆ. ನಿತ್ಯದ ದಿನಗಳಲ್ಲಿ ಬಾಯಿಬಿಡದ ಸಂಗತಿಗಳು ಆಗ ಹೊರಗೆ ಬರುತ್ತವೆ. ಎರ್ಲಿಖ್ ಆದ ಮೇಲೆ ವಿದ್ಯಾರ್ಥಿಗಳಿಗೆ ನಾನು ಓದಿಸುವುದು ಅವರ ಈ ಬರಹಗಳನ್ನೇ.

ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲಿ ಬರೆದ ಲೇಖನವೊಂದರ ವಾದವೂ ತಿಳಿದಿರಲಿ. ಪದೇ ಪದೇ ಕೋರ್ಟಿಗೆ ಬರುವವರು ಒಂದು ಬಗೆ, ಜೀವಮಾನದಲ್ಲಿ ಒಮ್ಮೆ ಬರುವವರು ಇನ್ನೊಂದು ಬಗೆ. ಕಾನೂನು ಇಬ್ಬರಿಗೂ ಒಂದೇ ಆದರೂ ಆಟದ ಪಟ್ಟುಗಳು ಮೊದಲಿನವರಿಗೆ ಕರಗತ. ಇನ್ನು ತೀರ್ಪನ್ನು ಓದುವುದು ಹೇಗೆಂದು ಕಲಿಯಲು ಮಥುರಾ ಎಂಬ ಹುಡುಗಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಪೊಲೀಸರನ್ನು ಖುಲಾಸೆ ಮಾಡಿದ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಕಾನೂನು ಪ್ರಾಧ್ಯಾಪಕರಾದ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಾಗಮ್‌ವಾರ್ 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರ ಸಾಕು. ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿ ಕೂಗಿಕೊಳ್ಳಲಿಲ್ಲ ಎಂದರೆ ಒಪ್ಪಿದ್ದಳು ಎಂದರ್ಥವೇ ಎಂದು ಆ ಪತ್ರ ಕೇಳಿತು. ಅದರ ಬೆನ್ನಿಗೆ ಎದ್ದ ಚಳವಳಿಯಿಂದ 1983ರಲ್ಲಿ ಅತ್ಯಾಚಾರದ ಕಾನೂನೇ ಬದಲಾಯಿತು.

ಕಚೇರಿ, ಕೋರ್ಟು

ಇನ್ನು ಎದ್ದು ಹೊರಡಿ. ಒಂದು ಕಾನೂನು, ಒಂದು ತಾಲ್ಲೂಕು ಸಾಕು. ಇಡೀ ರಾಜ್ಯದ ಬಗ್ಗೆ ಪ್ರಬಂಧ ಬರೆಯುತ್ತೇನೆಂದು ಹೊರಟವರಿಗೆ ಕೊನೆಗೆ ಯಾವ ಊರೂ ಸರಿಯಾಗಿ ಗೊತ್ತಾಗುವುದಿಲ್ಲ.

ಸ್ಥಿರಾಸ್ತಿಯ ನೋಂದಣಿಗಳು ಸಬ್ ರಿಜಿಸ್ಟ್ರಾರ್ ಕಚೇರಿಯ ‘ಒಂದನೇ ಪುಸ್ತಕ’ದಲ್ಲಿರುತ್ತವೆ. ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ನಕಲು ಪಡೆಯಬಹುದು. ಕೆಲವು ಹಕ್ಕು ಬಿಡುಗಡೆ ಪತ್ರಗಳನ್ನು ತೆಗೆಸಿ ಸಾವಧಾನವಾಗಿ ಓದಿ. ಅವಳಿಗೆ ಹಣ ಕೊಟ್ಟಿದ್ದಾರೆಯೇ, ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದಿದೆಯೇ? ಸಾಕ್ಷಿ ಹಾಕಿದವರು ಗಂಡನ ಕಡೆಯವರೇ, ತವರಿನವರೇ? ಸಹಿಯೇ, ಹೆಬ್ಬೆಟ್ಟೇ? ತಂದೆ ತೀರಿಕೊಂಡು ಎಷ್ಟು ದಿನಕ್ಕೆ ಪತ್ರವಾಗಿದೆ? ಕಚೇರಿಯ ಆಸುಪಾಸಿನಲ್ಲೇ ಪತ್ರ ಬರಹಗಾರರು ಕೂತಿರುತ್ತಾರೆ. ಅವರಿಗೆ ಗೊತ್ತಿರುವಷ್ಟು ಮನೆಗಳ ಕಥೆ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಸಮಯ ಕೊಟ್ಟು ಮಾತಾಡಿಸಿ.

ಪಾಲು ಬಿಡದ ಹೆಣ್ಣುಮಕ್ಕಳು ಸಿಗುವುದು ಸಿವಿಲ್ ಕೋರ್ಟಿನಲ್ಲಿ. ಪಾಲಿನ ದಾವೆಗಳಿಗೆ ‘ಓ.ಎಸ್.’ (ಒರಿಜಿನಲ್ ಸೂಟ್, ಅಂದರೆ ಮೂಲ ದಾವೆ) ಎಂಬ ನಂಬರು ಇರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ವಾಯಿದೆಗಳನ್ನೆಲ್ಲ ನೋಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಗೆದ್ದವಳಿಗೆ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಇಷ್ಟನೇ ಒಂದು ಪಾಲು ನಿನ್ನದು ಎಂದು ಅದು ಹೇಳುತ್ತದೆ, ಯಾವ ತುಂಡು ಎಂದು ಹೇಳುವುದಿಲ್ಲ. ಕಂದಾಯದ ಜಮೀನಾದರೆ ಅಳೆದು ಭಾಗ ಮಾಡುವ ಕೆಲಸ ಕಂದಾಯ ಇಲಾಖೆಯದು. ಡಿಕ್ರಿ ಕೈಗೆ ಬಂದ ದಿನಕ್ಕೂ ಪಹಣಿಯಲ್ಲಿ ಅವಳ ಹೆಸರು ಕೂತ ದಿನಕ್ಕೂ ನಡುವೆ ಎಷ್ಟು ವರ್ಷ ಹೋಯಿತು, ಆ ನಡುವೆ ಎಷ್ಟು ರಾಜಿ ಮಾತುಕತೆ ನಡೆಯಿತು ಎಂಬುದನ್ನು ದಾಖಲಿಸಿದರೆ ಅದೇ ಒಂದು ಒಳ್ಳೆಯ ಪ್ರಬಂಧ. ರಾಬರ್ಟ್ ಕಿಡ್ಡರ್ ಎಂಬ ಅಮೆರಿಕದ ವಿದ್ವಾಂಸರು ಬೆಂಗಳೂರಿನ ಕೋರ್ಟುಗಳನ್ನು ಅಧ್ಯಯನ ಮಾಡಿ 1970ರ ದಶಕದಲ್ಲಿ ಬರೆದದ್ದೂ ಇದನ್ನೇ: ತೀರ್ಪು ಬೇಕೆಂದು ಬಂದ ಕಕ್ಷಿದಾರರು ಮುಗಿಯದ ಚೌಕಾಸಿಯೊಳಗೆ ಸಿಕ್ಕಿಕೊಳ್ಳುತ್ತಾರೆ.

ಕೋರ್ಟು ಹಾಲಿನಲ್ಲಿ ಹಿಂದಿನ ಬೆಂಚು ಹಿಡಿದು ಕೂರಲು ಸಾಮಾನ್ಯವಾಗಿ ಯಾರ ಅಡ್ಡಿಯೂ ಇಲ್ಲ. ಅತ್ಯಾಚಾರ, ಪೋಕ್ಸೊ ಪ್ರಕರಣಗಳ ವಿಚಾರಣೆಗೆ ಪ್ರವೇಶವಿಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಕಕ್ಷಿದಾರರು ಕೇಳಿದರೆ ಬಾಗಿಲು ಮುಚ್ಚುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ನೋಟ್‌ಬುಕ್ ಸಾಕು. ಚೆಕ್ ಬೌನ್ಸ್ ಕೇಸುಗಳಿರುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಫೈನಾನ್ಸ್ ಕಂಪನಿಯ ವಕೀಲರ ಮುಂದೆ ಕಡತಗಳ ಅಟ್ಟಿ. ಒಂದೊಂದಕ್ಕೂ ಎದ್ದು ನಿಲ್ಲುತ್ತಾರೆ. ಸಾಲ ಮಾಡಿದವನು ಆ ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವನು; ತನ್ನ ಹೆಸರು ಕೂಗಿದ್ದು ಕಾರಿಡಾರಿನ ಗದ್ದಲದಲ್ಲಿ ಅವನಿಗೆ ಕೇಳಿಸದೆಯೂ ಹೋಗಬಹುದು. ಗ್ಯಾಲಂಟರ್ ಹೇಳಿದ ಇಬ್ಬರೂ ಒಂದೇ ಕೋಣೆಯಲ್ಲಿ ನಿಮ್ಮ ಕಣ್ಣೆದುರು ಇರುತ್ತಾರೆ.

ಜನರನ್ನು ಕೇಳುವಾಗ

‘ನಿಮಗೆ ಆಸ್ತಿ ಹಕ್ಕಿನ ಅರಿವಿದೆಯೇ’ ಎಂದು ಪ್ರಶ್ನಾವಳಿ ಹಿಡಿದು ಕೇಳಿದರೆ ‘ಇದೆ’, ‘ಇಲ್ಲ’ ಬಿಟ್ಟು ಬೇರೇನೂ ಸಿಗದು. ‘ಅಕ್ಕಾ, ನಿಮ್ಮ ಅಪ್ಪ ಹೋದ ಮೇಲೆ ಖಾತೆ ಹೇಗೆ ಮಾಡಿಸಿಕೊಂಡ್ರಿ?’ ಎಂದು ಕೇಳಿ, ಮಾತು ತಾನಾಗಿ ಬರುತ್ತದೆ. ಅಣ್ಣನ ಎದುರು ಕೇಳಬೇಡಿ. ಪತ್ರದಲ್ಲಿ ನೋಡಿದ ಹೆಸರು ಹಿಡಿದು ಮನೆ ಬಾಗಿಲಿಗೆ ಹೋಗಲೂಬೇಡಿ. ನಿಮ್ಮ ಪ್ರಬಂಧಕ್ಕಾಗಿ ಒಂದು ಸಂಬಂಧ ಮುರಿಯಬಾರದು. ಊರು, ಹೆಸರು, ಸರ್ವೆ ನಂಬರು ಬದಲಿಸಿ ಬರೆಯಿರಿ. ಕಾನೂನಿನ ಸಲಹೆ ಕೇಳಿದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವುಂಟು.

ಬರೆಯುವಾಗ ‘ಕಾನೂನು ವಿಫಲವಾಗಿದೆ’ ಎಂಬ ವಾಕ್ಯಕ್ಕೆ ಆತುರಪಡಬೇಡಿ. ಕೇಸು ಹಾಕದೆಯೇ ‘ಕಾನೂನು ಇದೆ’ ಎಂಬ ಒಂದು ಮಾತಿನಿಂದ ಅಣ್ಣನಿಂದ ಸೈಟೋ ಹಣವೋ ಪಡೆದವಳೂ ಇರುತ್ತಾಳೆ. ಅಲ್ಲಿಯೂ ಕಾನೂನು ಕೆಲಸ ಮಾಡಿದೆ, ಕೋರ್ಟಿನ ಹೊರಗೆ.

ಮುಂದೆ ಓದಬೇಕೆಂದರೆ

ಪಿಎಚ್.ಡಿ.ಗೆ ನಾಗರಬಾವಿಯಲ್ಲೇ ಇರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇದೆ. ಶ್ರೀನಿವಾಸ್ ಅವರು ಕೆಲಸ ಮಾಡಿದ ಸಂಸ್ಥೆ. ದೆಹಲಿಯ ಜೆಎನ್‌ಯುವಿನಲ್ಲಿ ಕಾನೂನು ಮತ್ತು ಆಡಳಿತದ ಅಧ್ಯಯನ ಕೇಂದ್ರವಿದೆ. ಹೊರದೇಶಕ್ಕೆ ಹೋಗುವುದಾದರೆ ಸ್ಪೇನಿನ ಬಾಸ್ಕ್ ಸೀಮೆಯ ಒನ್ಯಾತಿ ಎಂಬ ಸಣ್ಣ ಪಟ್ಟಣದಲ್ಲಿ ಈ ಒಂದೇ ವಿಷಯಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಸ್ಥೆಯಿದೆ. ಸ್ನಾತಕೋತ್ತರ ಪಾಠ ಇಂಗ್ಲಿಷಿನಲ್ಲಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಅರ್ಜಿಯ ಜತೆ ನಿಮ್ಮ ತಾಲ್ಲೂಕಿನ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದರೆ ತೂಕ ಹೆಚ್ಚು.

ವಿದ್ಯಾರ್ಥಿವೇತನದ ನಿಯಮಗಳನ್ನು ಮಾತ್ರ ಅರ್ಜಿ ಹಾಕುವ ವರ್ಷವೇ ಹೊಸದಾಗಿ ಓದಿ. ಪರಿಶಿಷ್ಟ ಜಾತಿಯವರು ಮುಂತಾದವರಿಗೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿ, ಭಾರತದ ಸಮಾಜವನ್ನು ಕುರಿತ ವಿಷಯಗಳನ್ನು ಹೊರಗಿಟ್ಟಿತ್ತು. ತಮ್ಮ ಸಮಾಜವನ್ನೇ ಪ್ರಶ್ನಿಸಿ ಓದಬೇಕೆಂದಿದ್ದ ದಲಿತ ವಿದ್ಯಾರ್ಥಿಗಳಿಗೆ ಇದರಿಂದ ಆದದ್ದು ಅನ್ಯಾಯ ಎಂದೇ ನನ್ನ ಎಣಿಕೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.