ಮೊಳಕೆ ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿಯಬೇಡಿ

ರಾಗಿ ಮಾಲ್ಟ್ ಸಿಹಿಯಾಗಬೇಕಾದರೆ ಸಕ್ಕರೆ ಡಬ್ಬಿಗೆ ಕೈ ಹಾಕಲೇಬೇಕೆಂದಿಲ್ಲ. ಸಿಹಿ ಕಾಳಿನೊಳಗೇ ಇದೆ. ಅದು ಹೊರಗೆ ಬರಲು ಒಳ್ಳೆಯ ಮೊಳಕೆ, ಹದವಾದ ಬಿಸಿ, ಒಂದು ಗಂಟೆ ಪುರುಸೊತ್ತು ಇದ್ದರೆ ಸಾಕು. ಆದರೆ ಬಹಳ ಮನೆಗಳಲ್ಲಿ ನಡೆಯುವುದೇನು? ಎರಡು ಮೂರು ದಿನ ಒದ್ದಾಡಿ ಮೊಳಕೆ ಬರಿಸುತ್ತಾರೆ, ಒಣಗಿಸುತ್ತಾರೆ, ಘಮ್ಮೆನ್ನುವ ಹಾಗೆ ಹುರಿದು ಹಿಟ್ಟು ಮಾಡಿಸುತ್ತಾರೆ. ಆಮೇಲೆ ಆ ಹಿಟ್ಟನ್ನು ಕೊತಕೊತ ಕುದಿಯುವ ನೀರಿಗೆ ಸುರಿದು, ಐದು ನಿಮಿಷಕ್ಕೆ ಇಳಿಸಿ, ಬೆಲ್ಲ ಹಾಕಿ ಕುಡಿಯುತ್ತಾರೆ. ಮೊಳಕೆಯ ಶ್ರಮ ಅಲ್ಲಿಗೆ ನೀರುಪಾಲು. 2024ರಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವುದರಿಂದ ಮಕ್ಕಳು ಮನೆಗೆ ಬಂದೂ ಅದನ್ನೇ ಕೇಳುತ್ತಾರೆ. ಹೇಗೂ ಮಾಡುವುದಾದರೆ ಸರಿಯಾಗಿ ಮಾಡೋಣ.

ಈ ಹದ ಚೆನ್ನಾಗಿ ಗೊತ್ತಿರುವುದು ಬಿಯರ್ ಮಾಡುವವರಿಗೆ. ನಮ್ಮ ಅಣ್ಣನ ಮೊಮ್ಮಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಬಂದಾಗಲೆಲ್ಲ "ಅಜ್ಜೀ, ನೀನು ರಾಗಿಗೆ ಮಾಡೋದನ್ನೇ ನಾವು ಬಾರ್ಲಿಗೆ ಮಾಡೋದು" ಎಂದು ನಗುತ್ತಾನೆ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ (ಹೀಗೆ ಮೊಳಕೆ ಬರಿಸಿ ಒಣಗಿಸಿದ ಕಾಳೇ ಮಾಲ್ಟ್), ತರಿತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಡುತ್ತಾರಂತೆ. ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗಿ ನೀರು ಸಿಹಿಯಾಗುತ್ತದೆ. ಅದನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ತಣಿಸಿ, ಯೀಸ್ಟ್ ಹಾಕಿದರೆ ಯೀಸ್ಟು ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಯೀಸ್ಟ್ ಹಾಕುವವರೆಗಿನದು ಅಡುಗೆಮನೆ ವಿಷಯ, ಅಲ್ಲಿಂದಾಚೆಗೆ ಅಬಕಾರಿಯವರ ವಿಷಯ. ಅಮೆರಿಕದಲ್ಲಿ 1978ರ ಕಾಯ್ದೆ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಬಿಟ್ಟಿದೆ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ತಯಾರಿಸುವಂತಿಲ್ಲ. ಹಾಗಾಗಿ ನಾನು ಹೇಳುವುದು ಅರ್ಧ ದಾರಿಯಷ್ಟೇ. ರುಚಿಯೂ ಆ ಅರ್ಧದಲ್ಲೇ ಇದೆ ಎನ್ನುವುದು ನನ್ನ ಲೆಕ್ಕ, ಹುಡುಗ ಒಪ್ಪುವುದಿಲ್ಲ.

ಮೊದಲು ಕಾಳು. ಮಲೆನಾಡಿನವರಾದ ನಮಗೆ ಭತ್ತ, ಅಡಿಕೆ ಬಿಟ್ಟರೆ ಉಳಿದದ್ದೆಲ್ಲ ಅಂಗಡಿಯದೇ. ರಾಗಿ ಬರುವುದು ಕಡೂರು, ತರೀಕೆರೆ ಕಡೆಯ ಬಯಲುಸೀಮೆಯಿಂದ. ಐದು ಕೆಜಿ ಒಮ್ಮೆಲೇ ನೆನೆಸುವ ಮುಂಚೆ ಒಂದು ಚಮಚ ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡಿ. ನೂರಕ್ಕೆ ತೊಂಬತ್ತಾದರೂ ಮೊಳೆಯಬೇಕು, ಮೊಳೆಯದ ಕಾಳು ನೀರಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಬಾರ್ಲಿಯಲ್ಲೇ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು: ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ನಿಮ್ಮೂರ ಕಿರಾಣಿ ಅಂಗಡಿಯಲ್ಲಾಗಲಿ ಗಂಜಿಗೆಂದು ಸಿಗುವ ಬೆಳ್ಳನೆಯ ಬಾರ್ಲಿ ಪಾಲಿಶ್ ಮಾಡಿದ್ದು. ಮೇಲಿನ ಹೊಟ್ಟಿನ ಜೊತೆ ಮೊಳಕೆಯ ಕಣ್ಣೂ ಹೋಗಿರುತ್ತದೆ, ಎಷ್ಟು ದಿನ ನೆನೆಸಿದರೂ ಮೊಳೆಯುವುದಿಲ್ಲ. ಗೋಧಿ ಮೊಳೆಯುತ್ತದೆ. ಭತ್ತವೂ ಮೊಳೆಯುತ್ತದೆ, ಸಸಿಮಡಿಗೆ ಭತ್ತ ಮೊಳಕೆ ಕಟ್ಟುವುದು ನಮಗೇನು ಹೊಸದೇ? ಆದರೆ ಬಿತ್ತನೆಗೆಂದು ಚೀಲದಲ್ಲಿ ಬರುವ, ಬಣ್ಣ ಹಚ್ಚಿದ ಬೀಜವನ್ನು ಅಡುಗೆಮನೆಗೆ ತರಲೇಬೇಡಿ, ಅದಕ್ಕೆ ಔಷಧಿ ಸವರಿರುತ್ತಾರೆ. ಜೋಳದ ಮೊಳಕೆಯೂ ಬೇಡ. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದು ಕೇಳಿದ್ದೀರಲ್ಲ, ಆ ಸಯನೈಡಿನ ವಿಷ ಮೊಳಕೆಯಲ್ಲೂ ಹುಟ್ಟುತ್ತದೆ.

ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು ಕಲ್ಲು ಗಾಳಿಸಿ, ರಾತ್ರಿ ನೆನೆಹಾಕಿ. ನಡುವೆ ಎಚ್ಚರವಾದರೆ ನೀರು ಬದಲಾಯಿಸಿ, ಕಾಳಿಗೂ ಉಸಿರಾಡಲು ಗಾಳಿ ಬೇಕು. ಬೆಳಿಗ್ಗೆ ಬಸಿದು, ಹಳೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ, ಬಿದಿರಿನ ಕುಕ್ಕೆಯಲ್ಲಿಟ್ಟು ಆಗಾಗ ನೀರು ಚಿಮುಕಿಸಿ. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳು ಬಿಸಿಯೇರಿ ಹುಳಿ ವಾಸನೆ ಬರುತ್ತದೆ, ದಿನಕ್ಕೆರಡು ಸಲ ಗಂಟು ಬಿಚ್ಚಿ ಕೈಯಾಡಿಸಬೇಕು. ಹುರಿಹಿಟ್ಟಿಗೆ ನಾವು ಬಿಳಿ ಚುಕ್ಕೆ ಕಂಡ ಕೂಡಲೇ ನಿಲ್ಲಿಸುತ್ತೇವೆ. ಸಿಹಿ ತೆಗೆಯಬೇಕಾದರೆ ಇನ್ನೊಂದು ದಿನ ಬಿಡಬೇಕು. ಬೇರು ಅರ್ಧ ಅಂಗುಲದ ಹತ್ತಿರ ಬಂದು ಹಸಿರು ಎಲೆ ಇನ್ನೂ ಇಣುಕದಿರುವ ಹೊತ್ತೇ ಹದ. ಪಿಷ್ಟ ಒಡೆಯುವ ಅಮೈಲೇಸ್ ಎಂಬ ಕಿಣ್ವ ಆಗ ಕಾಳಿನಲ್ಲಿ ಚೆನ್ನಾಗಿ ಸೇರಿರುತ್ತದೆ. ಎಲೆ ಬಿಡಲು ಬಿಟ್ಟರೆ ಗಿಡವೇ ಆ ಸಕ್ಕರೆ ತಿಂದು ಮುಗಿಸಿ ನಮಗೆ ಕಹಿ ಉಳಿಸುತ್ತದೆ.

ಇನ್ನು ಒಣಗಿಸುವುದು. ಮಲೆನಾಡಿನಲ್ಲಿ ಸೋಲುವುದು ಇಲ್ಲೇ. ಏಪ್ರಿಲ್, ಮೇ ಬಿಸಿಲಿದ್ದಾಗ ಅಂಗಳದಲ್ಲಿ ಚಾಪೆ ಹಾಸಿ ತೆಳ್ಳಗೆ ಹರವಿದರೆ ಎರಡು ದಿನದಲ್ಲಿ ಗರಿಗರಿ. ಮೃಗಶಿರಾ ಮಳೆ ಹಿಡಿದ ಮೇಲೆ, ಅದರಲ್ಲೂ ಆಗುಂಬೆ, ತೀರ್ಥಹಳ್ಳಿ ಕಡೆಯವರು, ದೀಪಾವಳಿ ಕಳೆಯುವವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಜಗಲಿಯಲ್ಲಿ ಫ್ಯಾನ್ ಕೆಳಗೆ ಹರವಿದರೆ ಸಾಕು ಎನ್ನುವವರಿದ್ದಾರೆ. ಆಷಾಢದಲ್ಲಿ ಸಾಕಾಗುವುದಿಲ್ಲ, ಮರುದಿನ ನೋಡಿದರೆ ಬೂದು ಬೂಷ್ಟು. ಬೂಷ್ಟು ಹಿಡಿದ ರಾಗಿಯನ್ನು ತೊಳೆದು ಹುರಿದು ಉಪಯೋಗಿಸಬೇಡಿ. ಬೂಷ್ಟಿನ ವಿಷ ಹುರಿದರೆ ಹೋಗುವಂಥದ್ದಲ್ಲ. ದನಕ್ಕೂ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ. ಮಳೆಗಾಲದಲ್ಲೇ ಬೇಕೇಬೇಕು ಎಂದರೆ ಬಚ್ಚಲೊಲೆಯ ಮೇಲಿನ ಅಟ್ಟ ಇದ್ದೇ ಇದೆ, ಇಲ್ಲವೇ ಅಡಿಕೆ ಒಣಗಿಸುವ ಡ್ರೈಯರ್ ಇದ್ದವರ ಮನೆಯಲ್ಲಿ ಒಂದು ತಟ್ಟೆ ಜಾಗ ಕೇಳಿ. ಬಿಸಿ 50 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಹಸಿ ಕಾಳಿಗೆ ಜಾಸ್ತಿ ಬಿಸಿ ತಗುಲಿದರೆ ಕಿಣ್ವ ಸಾಯುತ್ತದೆ. ಅಟ್ಟದ್ದಾದರೆ ಸ್ವಲ್ಪ ಹೊಗೆ ವಾಸನೆ ಹಿಡಿಯುತ್ತದೆ. ನನಗದು ಇಷ್ಟ, ಸೊಸೆಗೆ ಆಗುವುದಿಲ್ಲ. ಜರ್ಮನಿಯ ಬ್ಯಾಂಬರ್ಗ್ ಎಂಬ ಊರಿನಲ್ಲಿ ಸೌದೆ ಹೊಗೆಯಲ್ಲೇ ಮಾಲ್ಟ್ ಒಣಗಿಸಿ ಬಿಯರ್ ಮಾಡುತ್ತಾರೆ, ಆ ವಾಸನೆಗೇ ಅದು ಹೆಸರುವಾಸಿ ಎಂದು ಮೊಮ್ಮಗ ಹೇಳಿದ ಮೇಲೆ ನನ್ನ ಅಟ್ಟದ ರಾಗಿಗೆ ಮನೆಯಲ್ಲಿ ಸ್ವಲ್ಪ ಮರ್ಯಾದೆ ಬಂದಿದೆ.

ಒಣಗಿದ ಮೇಲೆ ಮೊರದಲ್ಲಿ ಹಾಕಿ ಅಂಗೈಯಿಂದ ತಿಕ್ಕಿದರೆ ಬೇರುಗಳು ಉದುರುತ್ತವೆ, ಕೇರಿ ತೆಗೆಯಿರಿ. ಬೇರು ಉಳಿದರೆ ಕಹಿ. ಇನ್ನು ಹುರಿಯುವ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಪೂರ್ತಿ ರಾಗಿಯನ್ನು ಹುರಿಯಬೇಡಿ. ನಾಲ್ಕರಲ್ಲಿ ಮೂರು ಪಾಲನ್ನು ಹಾಗೇ ಬಿಡಿ, ಕೆಲಸ ಮಾಡುವುದು ಅದು. ಒಂದು ಪಾಲನ್ನು ಮಾತ್ರ ಸಣ್ಣ ಉರಿಯಲ್ಲಿ ಪಟಪಟ ಸಿಡಿದು ಘಮ ಬರುವವರೆಗೆ ಹುರಿಯಿರಿ, ಅದು ವಾಸನೆಗೆ, ಬಣ್ಣಕ್ಕೆ. ಬಿಯರಿನವರೂ ತಿಳಿ ಮಾಲ್ಟನ್ನು ಹೆಚ್ಚಾಗಿಟ್ಟುಕೊಂಡು ಕಪ್ಪಗೆ ಹುರಿದದ್ದನ್ನು ರುಚಿಗೆ ಸ್ವಲ್ಪವೇ ಸೇರಿಸುತ್ತಾರೆ. ಮಿಲ್ಲಿಗೆ ಕೊಡುವಾಗ ಮುಂಚೆ ಏನು ಬೀಸಿದ್ದರು ಎಂದು ಕೇಳಿ. ಮೆಣಸಿನಪುಡಿಯ ಹಿಂದೆ ನಿಮ್ಮ ರಾಗಿ ಹೋದರೆ ದೇವರೇ ಗತಿ.

ಈಗ ಒಲೆ ಹತ್ತಿರ ಬನ್ನಿ. ಬೇಕಾದ ಸಾಮಾನು ಎರಡು ಪಾತ್ರೆ, ಒಂದು ಕಂಬಳಿ, ಒಂದು ತೆಳು ಬಟ್ಟೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಲೋಟದ ಲೆಕ್ಕ ಸಾಕು. ಒಂದು ಪಾತ್ರೆಯಲ್ಲಿ ಎರಡು ಲೋಟ ತಣ್ಣೀರಿಗೆ ಅರ್ಧ ಲೋಟ ಮೊಳಕೆ ಹಿಟ್ಟನ್ನು ಗಂಟಿಲ್ಲದಂತೆ ಕದಡಿಡಿ. ಇನ್ನೊಂದರಲ್ಲಿ ಅರ್ಧ ಲೋಟ ಸಾದಾ ರಾಗಿ ಹಿಟ್ಟು ಹಾಕಿ ಗಂಜಿ ಕಾಯಿಸಿ, ಚೆನ್ನಾಗಿ ಬೆಂದ ಮೇಲೆ ಮೂರು ಲೋಟ ಆಗುವಂತಿರಲಿ. ಸಾದಾ ಹಿಟ್ಟು ಯಾಕೆ ಎಂದರೆ, ಬೆಂದು ಉಬ್ಬಿದ ಪಿಷ್ಟವನ್ನು ಕಿಣ್ವ ಬೇಗ ಒಡೆಯುತ್ತದೆ. ಮೊಳಕೆ ಹಿಟ್ಟಿಗೆ ತನ್ನದಲ್ಲದ ಪಿಷ್ಟವನ್ನೂ ಸಿಹಿ ಮಾಡುವ ಶಕ್ತಿ ಇದೆ, ಅದನ್ನು ದುಡಿಸಿಕೊಳ್ಳಬೇಕು. ಗಂಜಿ ಕುದಿಯುತ್ತಿರುವಾಗಲೇ ಇಳಿಸಿ, ಕದಡಿಟ್ಟ ಹಿಟ್ಟಿಗೆ ಸಣ್ಣ ಧಾರೆಯಾಗಿ ಹುಯ್ಯುತ್ತಾ ಬಿಡದೆ ಕಲಕಿ. ಹುಯ್ಯುವುದು ಬಿಸಿಯನ್ನು ತಣ್ಣಗಿನದಕ್ಕೆ, ತಣ್ಣಗಿನದನ್ನು ಬಿಸಿಗಲ್ಲ. ಕುದಿಯುವುದು ಮೂರು ಪಾಲು, ತಣ್ಣಗಿರುವುದು ಎರಡು ಪಾಲು ಸೇರಿದರೆ, ಪಾತ್ರೆ ಎಳೆದುಕೊಳ್ಳುವ ಬಿಸಿ ಕಳೆದು, 65 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. 75 ದಾಟಿದರೆ ಕಿಣ್ವಕ್ಕೆ ಕೇಡು ಶುರು, 80ಕ್ಕೆ ಹೆಚ್ಚುಕಡಿಮೆ ಮುಗಿದ ಹಾಗೇ. ಬಿಸಿ ಸಾಲದೆ ಬರೀ ಉಗುರುಬೆಚ್ಚಗಿದ್ದರೆ ಕಿಣ್ವ ಸೋಮಾರಿ, ಜೊತೆಗೆ ಹುಳಿ ಬರಿಸುವ ಜೀವಿಗಳಿಗೆ ಹಬ್ಬ.

ಇಲ್ಲಿ ಸ್ವಲ್ಪ ನಿಂತು ನೋಡಿ. ಸೇರಿಸಿದಾಗ ಸೌಟಿನಿಂದ ಮುದ್ದೆಮುದ್ದೆಯಾಗಿ ಬೀಳುತ್ತಿದ್ದ ಗಂಜಿ ಐದು ಹತ್ತು ನಿಮಿಷದಲ್ಲಿ ಸಡಿಲವಾಗುತ್ತದೆ. ನೀರು ಹಾಕಿಲ್ಲ, ಏನೂ ಇಲ್ಲ, ಆದರೂ ಸೌಟು ಎತ್ತಿದರೆ ಸಾರಿನ ಹಾಗೆ ಸುರಿಯುತ್ತದೆ. ಮೊದಲು ಸಪ್ಪೆ, ಅರ್ಧ ಗಂಟೆ ಬಿಟ್ಟು ನಾಲಿಗೆಗೆ ಹಚ್ಚಿದರೆ ತೆಳು ಸಿಹಿ, ಗಂಟೆಯ ಹೊತ್ತಿಗೆ "ಬೆಲ್ಲ ಹಾಕಿದೀರಾ" ಎಂದು ಕೇಳುವಷ್ಟು. ಪ್ಯಾಕೆಟ್ಟಿನಲ್ಲಿ ಬರುವ ಮಾಲ್ಟ್ ಪುಡಿಯಲ್ಲಿ ಕೆಲಸ ಮಾಡುವ ಮೊಳಕೆ ಇದೆಯೋ ಎಂದು ಪರೀಕ್ಷಿಸಲೂ ಇದೇ ದಾರಿ: ಒಂದು ಬಟ್ಟಲು ದಪ್ಪ ಗಂಜಿಗೆ ಈ ಬಿಸಿಯಲ್ಲಿ ಒಂದು ಚಮಚ ಪುಡಿ ಕಲಕಿ. ಗಂಜಿ ಕದಲದಿದ್ದರೆ ಒಂದೋ ಮೊಳಕೆಯೇ ಇಲ್ಲ, ಇಲ್ಲವೇ ಇದ್ದದ್ದನ್ನು ಹುರಿದು ಕೊಂದಿದ್ದಾರೆ.

ಆ ಒಂದು ಗಂಟೆ ಬಿಸಿ ಆರಬಾರದು. ಮುಚ್ಚಳ ಹಾಕಿ, ಕಂಬಳಿ ಸುತ್ತಿ, ಕುಕ್ಕೆಯಲ್ಲಿ ಒಣಹುಲ್ಲು ತುಂಬಿ ನಡುವೆ ಹುದುಗಿಸಿಡಿ. ಪೇಟೆ ಮನೆಯವರು ಹಾಟ್‌ಬಾಕ್ಸಿಗೆ ಸುರಿದರೆ ಆಯಿತು. ಬಿಸಿ ಕಳೆದುಕೊಂಡಿತು ಅನಿಸಿದರೆ ಒಲೆಗೆ ಇಡಬೇಡಿ, ತಳ ಹಿಡಿದು ಅಲ್ಲಿನ ಕಿಣ್ವ ಸಾಯುತ್ತದೆ. ಬಿಸಿನೀರಿನ ಹಂಡೆಯೊಳಗೆ ಪಾತ್ರೆ ಇಳಿಸಿ ಸುಧಾರಿಸಿಕೊಳ್ಳಿ. ಪಿಷ್ಟ ಉಳಿದಿದೆಯೇ ಎಂದು ತಿಳಿಯುವ ಕುತೂಹಲವಿದ್ದರೆ ಮೇಲಿನ ತಿಳಿಯ ಒಂದು ಹನಿಯನ್ನು ಬಿಳಿ ಸಾಸರಿನಲ್ಲಿಟ್ಟು ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ಕಪ್ಪುನೀಲಿಯಾದರೆ ಇನ್ನೂ ಇದೆ. ಆ ಹನಿಯನ್ನು ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ.

ಆಮೇಲೆ ಬಟ್ಟೆಯಲ್ಲಿ ಸೋಸಿ. ತಿಳಿ ಬೇಕಾದರೆ ಹಿಂಡಬೇಡಿ, ತಾನಾಗಿ ಇಳಿಯಲಿ. ಚರಟ ಕೊಟ್ಟಿಗೆಗೆ. ಸೋಸಿದ್ದನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಮೊಳಕೆ ಕಟ್ಟಿದ ಬಟ್ಟೆಯಲ್ಲಿ ಕಾಳಿನ ಜೊತೆ ಇನ್ನೇನೇನೋ ಬೆಳೆದಿರುತ್ತದೆ. ಕುದಿಯುವಾಗ ಜಜ್ಜಿದ ಶುಂಠಿ, ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಕಹಿ ಇಷ್ಟಪಡುವವರು ನಾಲ್ಕು ಮೆಂತ್ಯ ಹುರಿದು ಹಾಕಿಕೊಳ್ಳಬಹುದು, ಹಾಪ್ಸ್ ನಮ್ಮಲ್ಲೆಲ್ಲಿ ಸಿಗಬೇಕು. ಬಿಸಿಯಾಗಿ ಕುಡಿಯಲು ಹಾಲು ಸೇರಿಸಿ, ತಣ್ಣಗಾದರೆ ನಿಂಬೆರಸ ಹಿಂಡಿ. ಸಿಹಿ ಸಾಲದವರಿಗೆ ಜೋನಿ ಬೆಲ್ಲವಿದೆ, ಆದರೆ ಒಮ್ಮೆಯಾದರೂ ಹಾಕದೆ ಕುಡಿದು ನೋಡಿ.

ಸಕ್ಕರೆ ಕಾಯಿಲೆಯವರು ಮಾತ್ರ ಇದರಿಂದ ದೂರವಿರಿ. ರಾಗಿ ಒಳ್ಳೆಯದು ಎಂದು ಕೇಳಿ ದೊಡ್ಡ ಲೋಟದಲ್ಲಿ ಕುಡಿಯುವವರನ್ನು ನೋಡಿದ್ದೇನೆ. ಮುದ್ದೆಯ ರಾಗಿ ಬೇರೆ, ಪಿಷ್ಟವನ್ನೆಲ್ಲ ಸಕ್ಕರೆ ಮಾಡಿಟ್ಟ ಈ ರಾಗಿ ಬೇರೆ. ಆರು ತಿಂಗಳು ದಾಟಿದ ಮಗುವಿಗೆ ಸೋಸದೆ, ಗಂಜಿಯಾಗಿಯೇ ಕುದಿಸಿ ಕೊಡುವುದು ಸರಿ. ದಪ್ಪ ಗಂಜಿ ತೆಳ್ಳಗಾಗುವುದರಿಂದ ಪುಟ್ಟ ಹೊಟ್ಟೆಗೆ ಅಷ್ಟೇ ತುತ್ತಿನಲ್ಲಿ ಹೆಚ್ಚು ಕಾಳು ಸೇರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ರಾಗಿ, ಹೆಸರುಕಾಳು ಮೊಳಕೆ ಬರಿಸಿ ಮಕ್ಕಳ ಆಹಾರ ಮಾಡಿದ್ದೂ ಇದೇ ಗುಣ ನೋಡಿ.

ಮಾಡಿದ್ದನ್ನು ಅವತ್ತೇ ಕುಡಿದು ಮುಗಿಸಿ, ಉಳಿದರೆ ಫ್ರಿಜ್ಜಿನಲ್ಲಿ ಮರುದಿನದವರೆಗೆ. ಹೊರಗೆ ಬಿಟ್ಟರೆ ಸಿಹಿನೀರಿಗೆ ಗಾಳಿಯ ಯೀಸ್ಟೇ ಬಂದು ಕೂರುತ್ತದೆ. ಬಿರಡೆ ಬಿಗಿದ ಗಾಜಿನ ಬಾಟಲಿಯಲ್ಲಂತೂ ಇಡಲೇಬೇಡಿ, ಒಳಗೆ ಗ್ಯಾಸ್ ಕಟ್ಟಿ ಒಡೆಯುತ್ತದೆ. ಹುಳಿಯೇ ಬೇಕೆನ್ನುವವರಿಗೆ ಅಂಬಲಿ ಇದೆ: ಸಾದಾ ರಾಗಿ ಗಂಜಿ ಆರಿದ ಮೇಲೆ ಒಂದು ಚಮಚ ಮಜ್ಜಿಗೆ ಬೆರೆಸಿ ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಈರುಳ್ಳಿ, ಹಸಿಮೆಣಸು, ಉಪ್ಪು, ಇನ್ನಷ್ಟು ಮಜ್ಜಿಗೆ. ಚಳಿಗಾಲದಲ್ಲಿ ಹುಳಿಗೆ ಇನ್ನೂ ಅರ್ಧ ದಿನ ಬೇಕಾಗುತ್ತದೆ. ಮೊಳಕೆ ಹಿಟ್ಟನ್ನು ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ಮಳೆಗಾಲ ಬರುವ ಮುಂಚೆ ಮುಗಿಯುವಷ್ಟೇ ಬೀಸಿಸಿ, ಉಳಿದದ್ದನ್ನು ಕಾಳಾಗಿಯೇ ಇಟ್ಟುಕೊಳ್ಳಿ, ಬೇಕಾದಾಗ ಮಿಕ್ಸಿಯಲ್ಲಿ ತಿರುವಿಕೊಂಡರಾಯಿತು.